ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಬೆಳೆದ ಕ್ರಿಕೆಟ್ ವೀರ: ಪಾಲವಣಕರ ಬಾಳೂ

ಪುಣೆಯಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗರಲ್ಲಿ ಕ್ರಿಕೆಟ್ ಆಟವನ್ನು ಒಮ್ಮೆಯಾದರೂ ನಿಂತು ನೋಡದವರು ವಿರಳ. ರಜೆಯ ದಿನ ಮೈದಾನದ ಅಂಚಿನಲ್ಲಿ ನಿಂತು, ಇನ್ನೊಂದೇ ಓವರು ನೋಡಿ ಹೋಗುವೆನೆಂದು ತಮಗೆ ತಾವೇ ಹೇಳಿಕೊಂಡು, ಸಂಜೆಯ ಪಾಳಿಗೆ ತಡವಾಗಿ ಬಂದು ಯಜಮಾನರಿಂದ ಮಾತು ಕೇಳಿದವರು ಅನೇಕರಿದ್ದಾರೆ. ಹಾಗೆ ತಡವಾಗಿ ಬಂದವರಿಗೂ, ಮಾತು ಆಡಿದ ಯಜಮಾನರಿಗೂ ತಿಳಿದಿರಬೇಕಾದ ಜೀವನವೊಂದಿದೆ. ಇದೇ ಪುಣೆಯ ಮೈದಾನಗಳಲ್ಲಿ ಕಸ ಗುಡಿಸಿ, ರೋಲರು ಎಳೆದು, ಬಲೆ ಕಟ್ಟಿ, ತಿಂಗಳಿಗೆ ಮೂರು ರೂಪಾಯಿ ಸಂಬಳ ಪಡೆದ ಹುಡುಗನೊಬ್ಬನು ಮುಂದೆ ಇಂಗ್ಲೆಂಡಿಗೆ ಹೋಗಿ, ಒಂದೇ ಬೇಸಗೆಯಲ್ಲಿ ನೂರಕ್ಕೂ ಮಿಕ್ಕಿದ ವಿಕೆಟ್ಟುಗಳನ್ನು ಉರುಳಿಸಿ, ಭಾರತದ ಮೊದಲ ಮಹಾ ಬೌಲರ್ ಎನಿಸಿಕೊಂಡನು. ಅವರೇ ಶ್ರೀ ಪಾಲವಣಕರ ಬಾಳೂ.

ಬಾಳೂ ಅವರು ಜನಿಸಿದ್ದು ನಮ್ಮ ಧಾರವಾಡದಲ್ಲಿ, 1875–76ರ ಸುಮಾರಿಗೆ. ಅವರ ಮನೆತನದ ಮೂಲ ಕೊಂಕಣ; ಮನೆಹೆಸರು ಅಲ್ಲಿಯ ಹಳ್ಳಿಯಿಂದ ಬಂದದ್ದು. ಮನೆಮಾತು ಮರಾಠಿ. ಧಾರವಾಡವೂ ಪುಣೆಯೂ ಆಗ ಮುಂಬಯಿ ಇಲಾಖೆಯೆಂಬ ಒಂದೇ ಆಡಳಿತಕ್ಕೆ ಸೇರಿದ್ದುದರಿಂದ, ಹೊಟ್ಟೆಪಾಡಿಗಾಗಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಜನ ಹೋಗಿಬರುವುದು ಸಾಮಾನ್ಯವಾಗಿತ್ತು. ಆದುದರಿಂದ ಅವರನ್ನು ಕನ್ನಡಿಗರೆಂದು ಹೇಳಿಕೊಂಡು ಪರರ ಕೀರ್ತಿಯನ್ನು ನಾವು ಕಸಿದುಕೊಳ್ಳಬೇಕಾಗಿಲ್ಲ. ಆದರೆ ಕನ್ನಡ ನೆಲದಲ್ಲಿ ಕಣ್ಣು ತೆರೆದು, ಕೂಲಿಗಾಗಿ ಪುಣೆಯಲ್ಲಿ ಬೆವರು ಸುರಿಸಿದವರ ಸಾಲಿನಲ್ಲಿ ಅವರು ನಮಗಿಂತ ಬಹಳ ಹಿಂದಿನವರು ಎಂದು ನೆನೆಯಲು ನಮಗೆ ಹಕ್ಕಿದೆ.

ಮೈದಾನದ ಆಳು

ಬಾಳೂ ಅವರು ಹುಟ್ಟಿದುದು ಚರ್ಮಕಾರ ಸಮಾಜದಲ್ಲಿ. ಅಂದಿನ ಕಾಲದಲ್ಲಿ ಆ ಸಮಾಜದವರನ್ನು ಮುಟ್ಟಬಾರದವರೆಂದು ಎಣಿಸಲಾಗುತ್ತಿತ್ತು. ಅವರಿಗೆ ದೇವಸ್ಥಾನದ ಬಾಗಿಲು ಮುಚ್ಚಿತ್ತು, ಬಾವಿಯ ಹಗ್ಗ ದೂರವಿತ್ತು. ಸೈನ್ಯವೊಂದರಲ್ಲಿ ಮಾತ್ರ ಕೆಲಸಕ್ಕೆ ಸ್ವಲ್ಪ ಅವಕಾಶವಿತ್ತು. ತಂದೆಯವರ ಉದ್ಯೋಗ ಸೈನ್ಯಕ್ಕೆ ಸಂಬಂಧಿಸಿದುದಾಗಿದ್ದುದರಿಂದ ಕುಟುಂಬವು ಪುಣೆಗೆ ಬಂದು ನೆಲೆಸಿತು. ದಂಡಿನ ಊರಾದ ಪುಣೆಯಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು, ಸವೆದ ಚೆಂಡುಗಳು ಹುಡುಗರ ಕೈಗೆ ಸಿಕ್ಕುವುದು ಕಷ್ಟವಾಗಿರಲಿಲ್ಲ. ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟ ಕಲಿತದ್ದು ಇಂತಹ ಸಾಮಾನುಗಳಿಂದಲೇ. ಗುರುವಿಲ್ಲ, ಪಾಠವಿಲ್ಲ, ಆಡುವವರನ್ನು ದೂರದಿಂದ ನೋಡಿ ಕಲಿತ ವಿದ್ಯೆ ಅದು.

ಭಾರತೀಯರಲ್ಲಿ ಕ್ರಿಕೆಟ್ಟನ್ನು ಮೊದಲು ಕೈಗೆತ್ತಿಕೊಂಡವರು ಪಾರಸಿಗಳು. 1848ರಷ್ಟು ಹಿಂದೆಯೇ ಅವರು ಮುಂಬಯಿಯಲ್ಲಿ ಕ್ಲಬ್ಬು ಸ್ಥಾಪಿಸಿದ್ದರು. ಪುಣೆಯ ಪಾರಸಿಗಳಿಗೂ ಒಂದು ಕ್ಲಬ್ಬಿತ್ತು. ಬಾಳೂ ಅವರ ಮೊದಲ ನೌಕರಿ ಅಲ್ಲಿ. ಪಿಚ್ಚು ಗುಡಿಸುವುದು, ರೋಲರು ಎಳೆಯುವುದು, ಕೆಲವೊಮ್ಮೆ ಸದಸ್ಯರಿಗೆ ಚೆಂಡೆಸೆಯುವುದು. ಇಷ್ಟಕ್ಕೆ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಅವರು ಬಿಳಿಯರ ಪೂನಾ ಜಿಮಖಾನಾ ಸೇರಿದರು. ಸಂಬಳ ಒಂದು ರೂಪಾಯಿ ಹೆಚ್ಚಿ ನಾಲ್ಕಾಯಿತು, ಕೆಲಸವೂ ಹೆಚ್ಚಿತು. ಕ್ರಿಕೆಟ್ ಪಿಚ್ಚಿನ ಜತೆಗೆ ಟೆನಿಸ್ ಅಂಗಣಕ್ಕೆ ಗೆರೆ ಎಳೆಯುವುದು, ಅಭ್ಯಾಸದ ಬಲೆಗಳನ್ನು ಕಟ್ಟಿ ಬಿಚ್ಚುವುದು, ಇವೆಲ್ಲ ಅವರ ಪಾಲಿಗೆ ಬಂದವು.

ಒಂದು ದಿನ ಟ್ರಾಸ್ ಎಂಬ ಸದಸ್ಯರೊಬ್ಬರು, ಎಸೆಯಲು ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಈ ಆಳನ್ನು ಕರೆದು ಚೆಂಡು ಕೊಟ್ಟರೆಂದು ಹೇಳುತ್ತಾರೆ. ಬಾಳೂ ಎಡಗೈಯಿಂದ ಎಸೆದರು. ಚೆಂಡು ನಿಧಾನವಾಗಿ ಬಂದು, ನೆಲ ಮುಟ್ಟಿ, ಬ್ಯಾಟು ಹಿಡಿದವರು ಎಣಿಸದ ಕಡೆಗೆ ತಿರುಗಿತು. ಅಂದಿನಿಂದ ಅವರ ಕೆಲಸದ ಪಟ್ಟಿಯಲ್ಲಿ ಇದೂ ಸೇರಿತು. ಗೆರೆ ಎಳೆಯಬೇಕಾದಾಗ ಗೆರೆ, ರೋಲರು ಎಳೆಯಬೇಕಾದಾಗ ರೋಲರು, ಎಸೆಯುವವರು ಬೇಕಾದಾಗ ಎಸೆತ! ಮಾಣಿ ಬಾರದ ದಿನ ಬಡಿಸಿ, ಭಟ್ಟರು ಬಾರದ ದಿನ ಒಲೆಯ ಮುಂದೆ ನಿಂತು, ರಾತ್ರಿ ಪಾತ್ರೆಯನ್ನೂ ತೊಳೆದು ಮಲಗುವ ಹುಡುಗ ನಮ್ಮ ಪ್ರತಿಯೊಂದು ಹೋಟೆಲಿನಲ್ಲಿಯೂ ಇದ್ದಾನೆ. ಕರೆದಾಗ ಬರುವ ಅಂತಹ ಆಳಾಗಿಯೇ ಬಾಳೂ ಅವರು ಕ್ರಿಕೆಟ್ಟಿನ ಒಳಗೆ ಕಾಲಿಟ್ಟರು.

ಎಂಟಾಣೆಯ ಬಕ್ಷೀಸು

ಪೂನಾ ಜಿಮಖಾನಾದ ಸದಸ್ಯರಲ್ಲಿ ಕ್ಯಾಪ್ಟನ್ ಗ್ರೇಗ್ ಎಂಬ ಸೇನಾಧಿಕಾರಿ ಇದ್ದರು. ಆಗ ಭಾರತದಲ್ಲಿದ್ದ ಬಿಳಿಯ ಆಟಗಾರರಲ್ಲಿ ಬ್ಯಾಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬ ಹೆಸರಿತ್ತು. ಇತರರು ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಅವರು ಮೈದಾನಕ್ಕೆ ಬಂದು, ಬಾಳೂ ಅವರ ಎಸೆತವನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಔಟು ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುವುದಾಗಿ ಗ್ರೇಗ್ ಮಾತು ಕೊಟ್ಟಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಲೆಕ್ಕ ಬರೆಯುವ ನಮ್ಮ ಗುಮಾಸ್ತರು ಇದನ್ನು ಕೂಡಲೇ ಗುಣಿಸಿ ನೋಡುವರು: ತಿಂಗಳಲ್ಲಿ ಎಂಟು ಸಲ ಗ್ರೇಗರನ್ನು ಔಟು ಮಾಡಿದರೆ ಸಂಬಳದಷ್ಟೇ ಬಕ್ಷೀಸು ಸಿಕ್ಕಂತೆ. ಇಷ್ಟು ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಕಲಿಯಲು ಬಂದವರು ಗ್ರೇಗ್. ಆದರೆ ಹೆಚ್ಚು ಕಲಿತವರು ಬಾಳೂ. ಒಂದೇ ಕೈಬೀಸಿನಲ್ಲಿ ಚೆಂಡಿನ ವೇಗವನ್ನು ಬದಲಿಸುವುದು, ಎರಡೂ ಕಡೆಗೆ ತಿರುಗಿಸುವುದು, ಒಂದೇ ಸ್ಥಳದಲ್ಲಿ ಗಂಟೆಗಟ್ಟಲೆ ಚೆಂಡು ಬೀಳಿಸುವುದು ಅವರಿಗೆ ಕರಗತವಾಯಿತು.

ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆ ಜಿಮಖಾನಾದಲ್ಲಿ ಸಾವಿರಾರು ಓವರು ಎಸೆದ ಆ ಕೈಗೆ ಒಂದು ಸಲವೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ವಿನೋದ. ಚೆಂಡೆಸೆಯುವುದು ಆಳುಗಳ ದುಡಿಮೆ. ಈ ಭೇದ ಭಾರತದಲ್ಲಿ ಮಾತ್ರ ಇದ್ದುದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿಯೇ ಕೂಲಿ ಪಡೆದು ಆಡುವವರನ್ನು ಆಟಗಾರರೆಂದೂ, ಕೂಲಿ ಪಡೆಯದವರನ್ನು ಮಹನೀಯರೆಂದೂ ವಿಂಗಡಿಸಿ, ಒಂದೇ ತಂಡದವರಿಗೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಬಾಗಿಲು ಇಡುವ ಪದ್ಧತಿ 1962ರ ವರೆಗೂ ನಡೆದುಬಂದಿತ್ತು. ಅಲ್ಲಿ ಕೂಲಿಯ ಗೋಡೆ ಒಂದೇ. ಇಲ್ಲಿ ಬಾಳೂ ಅವರ ಮುಂದೆ ಕೂಲಿಯ ಗೋಡೆಯೂ ಇತ್ತು, ಬಣ್ಣದ ಗೋಡೆಯೂ ಇತ್ತು, ಜಾತಿಯ ಗೋಡೆಯೂ ಇತ್ತು.

ಮಣ್ಣಿನ ಕುಡಿಕೆ

ಗ್ರೇಗರನ್ನು ದಿನವೂ ಕಾಡುವ ಎಡಗೈಯ ಆಳಿನ ಸುದ್ದಿ ಊರಿನಲ್ಲಿ ಹಬ್ಬಿತು. ಪುಣೆಯ ಹಿಂದೂಗಳ ಕ್ರಿಕೆಟ್ ಸಂಘಕ್ಕೆ ಬಿಳಿಯರನ್ನು ಸೋಲಿಸುವ ಹಂಬಲ ಬಹಳವಾಗಿತ್ತು. ಬಾಳೂ ಅವರನ್ನು ತಂಡಕ್ಕೆ ಸೇರಿಸಿಕೊಂಡರೆ ಆ ಹಂಬಲ ಕೈಗೂಡುವುದೆಂದು ಎಲ್ಲರಿಗೂ ತಿಳಿದಿತ್ತು. ಆದರೆ ಸೇರಿಸಿಕೊಳ್ಳುವುದು ಹೇಗೆ? ಸಂಘದಲ್ಲಿ ಎರಡು ಪಕ್ಷಗಳಾದವು. ಆಂಧ್ರ ಮೂಲದ ಕೆಲವು ಸದಸ್ಯರು ಸೇರಿಸಿಕೊಳ್ಳೋಣವೆಂದರೆ, ಮೇಲುಜಾತಿಯ ಸ್ಥಳೀಯ ಸದಸ್ಯರು ಕೆಲವರು ಒಪ್ಪಲಿಲ್ಲ. ಇಂತಹ ಬೌಲರನನ್ನು ಹೊರಗಿಡುವುದು ಮೂರ್ಖತನವೆಂದು ಗ್ರೇಗರು ಪತ್ರಿಕೆಯ ಮೂಲಕ ಸೂಚಿಸಿದ ಮೇಲೆ ವಿರೋಧ ಸಡಿಲವಾಯಿತೆಂದು ಹೇಳುತ್ತಾರೆ. ಅಂತೂ ಬಾಳೂ ತಂಡದ ಒಳಗೆ ಬಂದರು.

ಬಂದದ್ದು ಮೈದಾನದ ಒಳಗೆ ಮಾತ್ರ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹದ ವಿರಾಮ ಬಂದೊಡನೆ ತಂಡದವರು ಪೆವಿಲಿಯನ್ನಿನ ಒಳಗೆ ಹೋಗಿ ಪಿಂಗಾಣಿಯ ಬಟ್ಟಲಿನಲ್ಲಿ ಚಹ ಕುಡಿಯುವರು. ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ. ಮುಖ ತೊಳೆಯಬೇಕಾದರೆ ಅವರ ಜಾತಿಯವನೇ ಆದ ಸೇವಕನು ಮೈದಾನದ ಮೂಲೆಯಲ್ಲಿ ನೀರು ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಹೋಟೆಲು ನಡೆಸಿದ ಈ ಲೇಖಕನಿಗೆ ಆ ಕುಡಿಕೆಯ ಪ್ರಸಂಗವನ್ನು ಓದಿದಾಗ ಮನಸ್ಸು ಹಗುರವಾಗಿ ಇರಲಿಲ್ಲ. ನಮ್ಮ ಹೋಟೆಲುಗಳ ಹಳೆಯ ಕಾಲದಲ್ಲಿ ಜಾತಿಗೊಂದು ಪಂಕ್ತಿ, ಜಾತಿಗೊಂದು ಲೋಟ ಇದ್ದುದು ಎಲ್ಲರೂ ಬಲ್ಲ ವಿಷಯ. ಹಳೆಯ ಕಾಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಲೇಖಕನು ಹೊಸದಾಗಿ ಹೋಟೆಲು ತೆರೆದ ದಿನಗಳಲ್ಲಿ, ಮೋರಿ ಶುದ್ಧ ಮಾಡಲು ಬರುತ್ತಿದ್ದ ಮುದುಕನೊಬ್ಬನಿಗೆ ಹಿಂದಿನ ಕಿಟಕಿಯ ಮೇಲಿಟ್ಟ ಬೇರೊಂದು ಗಾಜಿನ ಲೋಟದಲ್ಲಿ ಚಹ ಹೊಯ್ಯುತ್ತಿದ್ದರು. ಹಾಗೆ ಮಾಡೆಂದು ಗಲ್ಲೆಯ ಮೇಲಿದ್ದ ನಾನು ಹೇಳಿರಲಿಲ್ಲ. ಮಾಡಬೇಡವೆಂದೂ ಬಹಳ ದಿನ ಹೇಳಲಿಲ್ಲ. ಮುದುಕನೇ ತನ್ನ ಲೋಟವನ್ನು ತೊಳೆದು ಕಿಟಕಿಯ ಮೇಲಿಟ್ಟು ಹೋಗುವನು. ಪೆವಿಲಿಯನ್ನಿನ ಒಳಗೆ ಕುಳಿತು ಚಹ ಕುಡಿದ ಆ ಹತ್ತು ಮಂದಿಯ ಪೈಕಿ ಹೆಚ್ಚಿನವರೂ ನನ್ನಂತೆಯೇ ಸುಮ್ಮನಿದ್ದವರಾಗಿರಬೇಕು.

ಬಾಳೂ ಅವರ ಬಲದಿಂದ ಪುಣೆಯ ಹಿಂದೂಗಳು ಬಿಳಿಯರ ತಂಡಗಳ ಮೇಲೆ ಜಯ ಗಳಿಸತೊಡಗಿದರು. ಸಾತಾರೆಯಲ್ಲಿ ಬಿಳಿಯರ ಕ್ಲಬ್ಬಿನ ಮೇಲೆ ದೊರೆತ ಜಯ ಅವುಗಳಲ್ಲಿ ಮುಖ್ಯವಾದುದು. ಬಾಳೂ ಅವರ ತಿರುಗುಚೆಂಡಿಗೆ ನೆರವಾಗದಂತೆ ಅಲ್ಲಿಯವರು ದಿನಗಟ್ಟಲೆ ರೋಲರು ಎಳೆಸಿ ಪಿಚ್ಚನ್ನು ಸಿದ್ಧಗೊಳಿಸಿದ್ದರಂತೆ. ರೋಲರಿನ ಕೆಲಸವನ್ನು ಬಾಳೂ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಏಳು ವಿಕೆಟ್ಟುಗಳನ್ನು ಪಡೆದರು. ಪುಣೆಗೆ ಮರಳಿದಾಗ ನಡೆದ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರನ್ನು ಗೌರವಿಸಿ, ಜತೆಯಲ್ಲಿ ಆಡಬಲ್ಲವರು ಜತೆಯಲ್ಲಿ ಉಣ್ಣಲೂ ಬಲ್ಲವರಾಗಬೇಕೆಂಬ ಅರ್ಥದ ಮಾತನ್ನು ಆಡಿದರು. ಮುಂದೆ ಲೋಕಮಾನ್ಯ ತಿಲಕರೂ ಸಭೆಯಲ್ಲಿ ಅವರನ್ನು ಸನ್ಮಾನಿಸಿದರು.

ಮುಂಬಯಿಯಲ್ಲಿ

1896–97ರಲ್ಲಿ ಪ್ಲೇಗು ಮುಂಬಯಿ, ಪುಣೆಗಳನ್ನು ನಡುಗಿಸಿತು. ಆ ದಿನಗಳಲ್ಲಿಯೇ ಬಾಳೂ ಪುಣೆ ಬಿಟ್ಟು ಮುಂಬಯಿಗೆ ಹೋದರು. ಕೆಲಕಾಲ ಸೈನ್ಯದ ಸೇವೆಯಲ್ಲಿದ್ದು, ಅನಂತರ ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ ಹಿಡಿದು ಅದರ ತಂಡಕ್ಕೆ ಆಡಿದರು. ಮುಂಬಯಿಯ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾ ಅವರನ್ನು ಸೇರಿಸಿಕೊಳ್ಳುವಾಗಲೂ ಆಕ್ಷೇಪ ಎದ್ದಿತು. ನಾಯಕ ಕೀರ್ತಿಕರರ ಒತ್ತಾಯದಿಂದ ಅದು ಅಡಗಿತು. ತಮ್ಮ ಶಿವರಾಮರೂ ಅಣ್ಣನ ಹಿಂದೆಯೇ ಬಂದರು. ಮುಂದೆ ಗಣಪತ, ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಹಿಂದೂ ತಂಡದಲ್ಲಿ ಆಡಿದರು. ಒಂದೇ ಮನೆಯ ನಾಲ್ವರು!

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆಯಿತು. ವಂಗಭಂಗದ ಮರುವರ್ಷವದು, ಸ್ವದೇಶಿಯ ಗಾಳಿ ದೇಶದಲ್ಲೆಲ್ಲ ಬೀಸುತ್ತಿತ್ತು. ಹಿಂದೂಗಳು ಮೊದಲು 242 ರನ್ನು ಮಾಡಿದರು. ಯುರೋಪಿಯನ್ನರು 191ಕ್ಕೆ ಮುಗಿದರು. ಎರಡನೆಯ ಸಲ ಹಿಂದೂಗಳು 160 ಮಾಡಿ, ಎದುರಾಳಿಗಳನ್ನು 102ಕ್ಕೆ ಉರುಳಿಸಿ, 109 ರನ್ನುಗಳ ವಿಜಯ ಪಡೆದರು. ಬಾಳೂ ಅವರಿಗೆ ಮೊದಲು ಮೂರು, ಅನಂತರ ಐದು, ಒಟ್ಟು ಎಂಟು ವಿಕೆಟ್ಟುಗಳು ದೊರೆತವು. ಆಳುವವರನ್ನು ಆಳಿಸಿಕೊಳ್ಳುವವರು ಅವರದೇ ಆಟದಲ್ಲಿ ಸೋಲಿಸಿದರೆಂದು ಜನ ಹಿಗ್ಗಿದರು. ಅಂದು ಗೆದ್ದುಕೊಟ್ಟ ಕೈ ಯಾವ ಜಾತಿಯದೆಂದು ವಿಚಾರವಂತರು ಪತ್ರಿಕೆಗಳಲ್ಲಿ ಚರ್ಚಿಸಿದರು. ಅಷ್ಟರಲ್ಲಿ ಮುಂಬಯಿಯ ಹಿಂದೂ ಆಟಗಾರರು ಬಾಳೂ ಸಹೋದರರೊಡನೆ ಕುಳಿತು ಊಟಮಾಡುವುದನ್ನು ರೂಢಿಸಿಕೊಂಡಿದ್ದರು. ಪುಣೆಯ ಕುಡಿಕೆಯಿಂದ ಮುಂಬಯಿಯ ಊಟದ ಮೇಜಿಗೆ ಬರಲು ಸುಮಾರು ಹತ್ತು ವರ್ಷಗಳು ಹಿಡಿದವು.

ಇಂಗ್ಲೆಂಡಿನ ಬೇಸಗೆ

1911ರಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಪಟಿಯಾಲಾದ ಯುವಕ ಮಹಾರಾಜ ಭೂಪಿಂದರ ಸಿಂಹರು ನಾಯಕರು. ಪಾರಸಿ, ಹಿಂದೂ, ಮುಸಲ್ಮಾನ, ಸಿಖ್ಖರೆಲ್ಲರೂ ಸೇರಿದ ತಂಡವದು. ಹಿಂದೂ ಆಟಗಾರರಲ್ಲಿ ಬಾಳೂ, ಶಿವರಾಮರ ಜತೆಗೆ ಮುಂಬಯಿಯ ಎಂ. ಡಿ. ಪೈ, ಮದರಾಸಿನ ಶೇಷಾಚಾರಿ ಮತ್ತು ನಮ್ಮ ಬೆಂಗಳೂರಿನ ಜಯರಾಮ್ ಇದ್ದರು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷವಾದುದರಿಂದ ಮಹಾರಾಜರಿಗೆ ಬೇರೆ ಸಮಾರಂಭಗಳ ಗಡಿಬಿಡಿ ಬಹಳ. ಕೆಲವೇ ಪಂದ್ಯಗಳಲ್ಲಿ ಆಡಿದರು. ತಂಡ ಸೋತದ್ದೇ ಹೆಚ್ಚು: 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15.

ಇಂತಹ ತಂಡದ ಭಾರವನ್ನು ಹೊತ್ತವರು ಬಾಳೂ. ಆಗ ಅವರ ವಯಸ್ಸು ಮೂವತ್ತೈದು. ಎಲ್ಲ ಪಂದ್ಯಗಳನ್ನೂ ಕೂಡಿಸಿ 114 ವಿಕೆಟ್ಟುಗಳು. ಅವುಗಳಲ್ಲಿ 75 ಮೊದಲ ದರ್ಜೆಯ ಪಂದ್ಯಗಳಲ್ಲಿ ಪಡೆದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಎಂಟು ವಿಕೆಟ್ಟು ಕಿತ್ತರು. ಲೆಸ್ಟರ್‌ಷೈರಿನ ವಿರುದ್ಧ ತಂಡ ಗೆದ್ದಾಗ ಅವರ ಪಾಲು ಹನ್ನೊಂದು. ಸಾಮರ್ಸೆಟ್ಟಿನ ವಿರುದ್ಧ ಒಂದೇ ವಿಕೆಟ್ಟು ಉಳಿದಿರುವಾಗ ಗೆಲುವು ದೊರೆತುದು ತಮ್ಮ ಶಿವರಾಮರಿಂದ. ಅವರು 113 ರನ್ನು ಮಾಡಿ ಔಟಾಗದೆ ಉಳಿದರು. ಮೊದಲ ದರ್ಜೆಯ ಪಂದ್ಯಗಳಲ್ಲಿ ಆ ಪ್ರವಾಸದ ಎರಡೇ ಎರಡು ಗೆಲುವುಗಳು ಇವು. ಒಂದು ಅಣ್ಣನ ಕೈಯ ಬಲದಿಂದ, ಒಂದು ತಮ್ಮನ ಬ್ಯಾಟಿನಿಂದ. ಪೂನಾ ಜಿಮಖಾನಾದಲ್ಲಿ ಅಣ್ಣನಿಗೆ ಸಿಕ್ಕದ ಬ್ಯಾಟು ತಮ್ಮನ ಕೈಯಲ್ಲಿ ಇಂಗ್ಲೆಂಡಿನಲ್ಲಿ ಮಾತಾಡಿತು.

ಮರಳಿ ಬಂದ ಮೇಲೆ ಮುಂಬಯಿಯ ದಲಿತ ಸಮಾಜದವರು ಬಾಳೂ ಅವರಿಗೆ ಸನ್ಮಾನ ಸಭೆ ಏರ್ಪಡಿಸಿದರು. ಅಂದಿನ ಮಾನಪತ್ರವನ್ನು ಸಿದ್ಧಪಡಿಸಿದ ತರುಣನು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರ್ ಎಂದು ಹೇಳಲಾಗಿದೆ. ಶಾಲೆಯಲ್ಲಿ ತಾನೇ ನೀರಿನ ಕೊಡ ಮುಟ್ಟದೆ ಬೆಳೆದ ಆ ತರುಣನಿಗೆ ಬಾಳೂ ಅವರ ವಿಜಯ ಏನೆಂದು ಬೇರೆ ಯಾರೂ ತಿಳಿಸಬೇಕಾಗಿರಲಿಲ್ಲ.

ನಾಯಕತ್ವದ ಪ್ರಶ್ನೆ

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. 1907ರಲ್ಲಿ ಪಾರಸಿಗಳೂ 1912ರಲ್ಲಿ ಮುಸಲ್ಮಾನರೂ ಸೇರಿ, ಮುಂಬಯಿಯ ಪಂದ್ಯಾವಳಿಯು ನಾಲ್ಕು ಸಮಾಜಗಳ ಪಂದ್ಯಾವಳಿಯಾಗಿ ಬೆಳೆದಿತ್ತು. ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಹಿರಿಯರಿಲ್ಲ, ಹೆಚ್ಚು ಗೆದ್ದುಕೊಟ್ಟವರೂ ಇಲ್ಲ. ಆದರೂ ವರ್ಷ ವರ್ಷವೂ ನಾಯಕನ ಸ್ಥಾನ ಮೇಲುಜಾತಿಯ ಆಟಗಾರನಿಗೇ ಹೋಗುತ್ತಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು, ಹಿರಿತನದಿಂದಲೂ ಅನುಭವದಿಂದಲೂ ಈ ಗೌರವ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಹೇಳಿದರು. ತನಗೆ ದೊರೆತ ಹಾರವನ್ನು ಇನ್ನೊಬ್ಬನ ಕೊರಳಿಗೆ ಸೇರಬೇಕಾದುದೆಂದು ಒಪ್ಪುವುದು ಸಣ್ಣ ಮನಸ್ಸಿನಿಂದ ಆಗುವ ಕೆಲಸವಲ್ಲ.

1920ರಲ್ಲಿ ಈ ವಿವಾದವು ತುದಿಗೆ ಮುಟ್ಟಿತು, ಮುಟ್ಟಿದುದು ಪುಣೆಯಲ್ಲಿ. ಆ ವರ್ಷ ಪಂದ್ಯಾವಳಿ ಇಲ್ಲಿಯೇ ನಡೆಯಿತು. ನಾಯಕ ಪೈ ಅವರಿಗೆ ಅಸ್ವಸ್ಥತೆಯಾಗಿ ಮುಸಲ್ಮಾನರ ವಿರುದ್ಧದ ಮೊದಲ ಪಂದ್ಯಕ್ಕೆ ಬರಲಾಗಲಿಲ್ಲ. ಬಾಳೂ ಅವರನ್ನು ತಂಡದಿಂದಲೇ ಬಿಟ್ಟಿದ್ದರು. ಶಿವರಾಮ, ವಿಠ್ಠಲರನ್ನು ಕಡೆಗಣಿಸಿ, ಅವರಿಗಿಂತ ಕಿರಿಯರಾದ ಪುಣೆಯ ಪ್ರೊಫೆಸರ್ ದೇವಧರರನ್ನು ಆಯ್ಕೆಗಾರರು ನಾಯಕರನ್ನಾಗಿ ಮಾಡಿದರು. ದೇವಧರರು ಉತ್ತಮ ಆಟಗಾರರೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಅವರು ದೇಶದ ಕ್ರಿಕೆಟ್ಟಿನ ಪಿತಾಮಹರಂತೆ ನೂರು ವರ್ಷ ದಾಟಿ ಬಾಳಿದರು. ಆದರೆ ಹಿರಿಯರನ್ನು ಬಿಟ್ಟು ಅವರನ್ನು ಆರಿಸಿದುದಕ್ಕೆ ಜಾತಿಯ ಹೊರತು ಬೇರೆ ಕಾರಣ ಆ ಸಹೋದರರಿಗೆ ಕಾಣಲಿಲ್ಲ. ಇಬ್ಬರೂ ತಂಡದಿಂದ ಹೊರಬಂದು, ಕಾರಣವನ್ನು ಬಹಿರಂಗ ಪತ್ರದಲ್ಲಿ ತಿಳಿಸಿದರು. ಸಂಬಳದ ಆಳಿನ ಮನೆಯವರು ಸಂಘದ ಮುಖಂಡರಿಗೆ ಮೊದಲ ಸಲ ಇಲ್ಲವೆಂದು ಹೇಳಿದರು.

ಪತ್ರಿಕೆಗಳಲ್ಲಿ ಗದ್ದಲವಾಯಿತು. ಅಸ್ಪೃಶ್ಯತೆ ಹೋಗದೆ ಸ್ವರಾಜ್ಯ ಬಾರದೆಂದು ಗಾಂಧೀಜಿಯವರು ಸಾರುತ್ತಿದ್ದ ದಿನಗಳವು. ಪಾರಸಿಗಳ ಎದುರಿನ ಅಂತಿಮ ಪಂದ್ಯದ ವೇಳೆಗೆ ರಾಜಿಯಾಯಿತು. ಪೈ ಅವರು ನಾಯಕರಾಗಿ ಮರಳಿದರು. ತಮ್ಮಂದಿರಿಬ್ಬರೂ ತಂಡ ಸೇರಿದರು. ಬಾಳೂ ಅವರನ್ನು ಕರೆಸಿ ಉಪನಾಯಕರನ್ನಾಗಿ ಮಾಡಲಾಯಿತು. ಪಂದ್ಯದ ನಡುವೆ ಪೈ ಅವರು ಮೈದಾನ ಬಿಟ್ಟು ಹೊರಗೆ ಹೋದಾಗ ತಂಡವನ್ನು ನಡೆಸಿದವರು ಬಾಳೂ. ಕೆಲವು ಗಂಟೆಗಳ ನಾಯಕತ್ವವದು. ಆದರೆ ಎಲ್ಲಿ? ಅವರು ಬಲೆ ಕಟ್ಟಿ, ಗೆರೆ ಎಳೆದು, ಹೊರಗೆ ನಿಂತು ಚಹ ಕುಡಿದ ಊರಿನಲ್ಲಿಯೇ. ಆಗ ಅವರ ವಯಸ್ಸು ನಲವತ್ತೈದರ ಸಮೀಪ. ಅವರ ದೊಡ್ಡ ಪಂದ್ಯಗಳು ಅಲ್ಲಿಗೆ ಮುಗಿದವು.

ಅಣ್ಣನಿಗೆ ಪೂರ್ಣವಾಗಿ ದೊರೆಯದುದು ತಮ್ಮನಿಗೆ ದೊರೆಯಿತು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಯುರೋಪಿಯನ್ನರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನನ್ನು ಮುಟ್ಟಲು ಹಿಂಜರಿದ ಸಮಾಜವು ತಮ್ಮನನ್ನು ಹೆಗಲಿಗೇರಿಸಿಕೊಂಡಿತು. ನಡುವೆ ಕಳೆದದ್ದು ಸುಮಾರು ಮೂವತ್ತು ವರ್ಷ.

ಯೆರವಡೆಯಿಂದ ಚುನಾವಣೆಗೆ

ಆಟದಿಂದ ನಿವೃತ್ತರಾದ ಮೇಲೆ ಬಾಳೂ ಅವರು ತಮ್ಮ ಸಮಾಜದ ಮುಖಂಡರಾದರು. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವ ಬ್ರಿಟಿಷ್ ಸರಕಾರದ ತೀರ್ಮಾನವನ್ನು ವಿರೋಧಿಸಿ ಗಾಂಧೀಜಿಯವರು ನಮ್ಮ ಪುಣೆಯ ಯೆರವಡಾ ಸೆರೆಮನೆಯಲ್ಲಿ ಸೆಪ್ಟೆಂಬರ್ 20ರಂದು ಉಪವಾಸ ಆರಂಭಿಸಿದರು. ಡಾ. ಅಂಬೇಡ್ಕರರೊಡನೆ ಮಾತನಾಡಿ ಒಪ್ಪಂದಕ್ಕೆ ದಾರಿ ಮಾಡಿಕೊಡಲು ಶ್ರಮಿಸಿದವರಲ್ಲಿ ಮದರಾಸಿನ ಎಂ. ಸಿ. ರಾಜಾ ಅವರೂ ಬಾಳೂ ಅವರೂ ಇದ್ದರು. 24ರಂದು ಒಪ್ಪಂದವಾಯಿತು. ಪ್ರಾಂತಗಳ ಶಾಸನಸಭೆಗಳಲ್ಲಿ 71 ಪ್ರತ್ಯೇಕ ಸ್ಥಾನಗಳ ಬದಲು, ಎಲ್ಲ ಹಿಂದೂಗಳೂ ಕೂಡಿ ಮತ ಹಾಕುವ 148 ಮೀಸಲು ಸ್ಥಾನಗಳು ಗೊತ್ತಾದವು. ಆ ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಬಾಳೂ ಅವರೂ ಒಬ್ಬರು. ಪೂನಾ ಜಿಮಖಾನಾದ ಸಂಬಳದ ಆಳಿನ ರುಜು ಪುಣೆಯ ಹೆಸರನ್ನೇ ಹೊತ್ತ ಒಪ್ಪಂದದ ಕಾಗದದ ಮೇಲೆ ಬಿದ್ದಿತು.

ಮುಂದೆ ಅಂಬೇಡ್ಕರರಿಗೂ ಬಾಳೂ ಅವರಿಗೂ ದಾರಿ ಬೇರೆಯಾಯಿತು. ಹಿಂದೂ ಸಮಾಜದ ಒಳಗೇ ಇದ್ದು ಅದನ್ನು ತಿದ್ದಬೇಕೆಂಬುದು ಬಾಳೂ ಅವರ ನಂಬಿಕೆ. ತಿದ್ದುವರೆಂದು ಕಾದು ಕುಳಿತರೆ ತಲೆಮಾರುಗಳು ಕಳೆಯುವುವೆಂಬುದು ಅಂಬೇಡ್ಕರರ ಅನುಭವ. 1935ರಲ್ಲಿ ಅಂಬೇಡ್ಕರರು ಮತಾಂತರದ ಸಂಕಲ್ಪವನ್ನು ಪ್ರಕಟಿಸಿದಾಗ ಬಾಳೂ ಒಪ್ಪಲಿಲ್ಲ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡ್ಕರರ ಎದುರಿಗೆ ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಸೋಲು ಕೇವಲ 2,020 ಮತಗಳದು, ಎದುರಾಳಿ ಅಂಬೇಡ್ಕರರಂತಹವರು. ಇಬ್ಬರಲ್ಲಿ ಯಾರ ದಾರಿ ಸರಿಯೆಂದು ವಾದಿಸುವವರು ಇಂದಿಗೂ ಇದ್ದಾರೆ. ಒಂದೇ ಗಾಯವನ್ನು ಹೊತ್ತ ಇಬ್ಬರು ಎರಡು ಔಷಧಗಳನ್ನು ಹುಡುಕಿದರೆಂದು ತಿಳಿದರೆ ಇಬ್ಬರಿಗೂ ಅನ್ಯಾಯವಾಗದು.

ಕಡೆಯ ಮಾತು

ಬಾಳೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಭಾರತವು ಮೊದಲ ಟೆಸ್ಟ್ ಪಂದ್ಯ ಆಡಿದ್ದು 1932ರ ಜೂನಿನಲ್ಲಿ. ಆಗ ಅವರಿಗೆ ಐವತ್ತು ದಾಟಿತ್ತು. ಆದುದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರು ಆಡಿದ ಸಮಾಜವಾರು ಪಂದ್ಯಾವಳಿಯೂ 1946ರಲ್ಲಿ ನಿಂತುಹೋಯಿತು. ಮತದ ಹೆಸರಿನಲ್ಲಿ ತಂಡ ಕಟ್ಟುವುದು ಒಳಿತಲ್ಲವೆಂದು ದೇಶ ಅರಿತುಕೊಂಡಿತು. ದಾಖಲೆಯ ಪುಸ್ತಕದಲ್ಲಿ ಉಳಿದಿರುವುದು ಇಷ್ಟು: ಮೊದಲ ದರ್ಜೆಯ 33 ಪಂದ್ಯಗಳು, 179 ವಿಕೆಟ್ಟುಗಳು, ವಿಕೆಟ್ಟಿಗೆ ಸರಾಸರಿ 15.21 ರನ್ನು. ಈ ಲೆಕ್ಕ ಆರಂಭವಾಗುವುದು ಅವರ ಮೂವತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಪುಣೆಯ ಬಲೆಗಳಲ್ಲಿ ನಾಲ್ಕು ರೂಪಾಯಿಗೆ ಎಸೆದ ಚೆಂಡುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಬಾಳೂ ಅವರ ಜೀವನವನ್ನು ಓದಿ, ಕಷ್ಟಪಟ್ಟು ದುಡಿದರೆ ಮೇಲೆ ಬರಬಹುದೆಂಬ ನೀತಿಯನ್ನಷ್ಟೇ ನಮ್ಮ ಹುಡುಗರಿಗೆ ಹೇಳಿ ಮುಗಿಸಬಹುದು. ಅದು ಅರ್ಧ ಸತ್ಯ. ಅವರ ದುಡಿಮೆ ಅವರನ್ನು ಮೈದಾನಕ್ಕೆ ಕರೆತಂದಿತು. ಪೆವಿಲಿಯನ್ನಿನ ಒಳಗೆ ಕರೆತರಲು ದುಡಿಮೆಯೊಂದೇ ಸಾಲಲಿಲ್ಲ. ಅದಕ್ಕೆ ರಾನಡೆಯವರು ಸಭೆಯಲ್ಲಿ ಮಾತನಾಡಬೇಕಾಯಿತು, ಪೈ ಅವರು ತಮ್ಮ ಗೌರವವನ್ನು ಪರರದೆಂದು ಒಪ್ಪಬೇಕಾಯಿತು, ಇಬ್ಬರು ತಮ್ಮಂದಿರು ಆಟವನ್ನೇ ಬಿಟ್ಟು ಹೊರನಡೆಯಬೇಕಾಯಿತು. ಸುಮ್ಮನಿದ್ದವರಿಂದ ಏನೂ ಆಗಲಿಲ್ಲ.

ಗಲ್ಲೆಯ ಮೇಲೆ ಕುಳಿತಿರುವ ನಮ್ಮ ಯಜಮಾನ ಬಂಧುಗಳು ಇಂದು ಸಂಜೆ ಒಂದು ಕ್ಷಣ ಎದ್ದು, ತಮ್ಮ ಅಡುಗೆಮನೆಯ ಹಿಂದಿನ ಕಿಟಕಿಯನ್ನು ನೋಡಲಿ. ಅಲ್ಲಿ ಬೇರೆಯಾಗಿ ಒಂದು ಲೋಟ ಇದ್ದರೆ, ಅದನ್ನು ಒಳಗೆ ತಂದು ಉಳಿದ ಲೋಟಗಳ ಜತೆಗೆ ಸೇರಿಸಲಿ. ಧಾರವಾಡದಲ್ಲಿ ಹುಟ್ಟಿದ ಆ ಮಹನೀಯರ ನೆನಪಿಗೆ ಪುಣೆಯ ಕನ್ನಡಿಗರು ಇಷ್ಟಾದರೂ ಮಾಡಬಹುದು.